ಓದುಗರ ಪ್ರಶ್ನೆ, ನಮ್ಮ ಉತ್ತರ: ಫ್ರಾನ್ಸ್ ಕಡಲತೀರದಲ್ಲಿ ಇಬ್ಬರ ಊಟ

ಫ್ರಾನ್ಸಿನ ಕರಾವಳಿಗೆ ಊಟಕ್ಕೆಂದೇ ಹೊರಡುವ ದಂಪತಿಗಳು ಕೇಳಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಊರುಗಳ, ತಿನಿಸುಗಳ ಹೆಸರನ್ನು ಅಲ್ಲಿನವರ ಉಚ್ಚಾರಕ್ಕೆ ಆದಷ್ಟು ಹತ್ತಿರವಾಗಿ ಬರೆದಿದ್ದೇವೆ. ಇಲ್ಲಿರುವಂತೆ ಓದಿ ಹೇಳಿದರೆ ಅಂಗಡಿಯವರಿಗೆ ಅರ್ಥವಾಗಬೇಕು ಎನ್ನುವುದೇ ಉದ್ದೇಶ.

ಪ್ರಶ್ನೆ: ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿತೆಂದು ನಾನೂ ನನ್ನ ಹೆಂಡತಿಯೂ ಸೆಪ್ಟೆಂಬರ್ ಕೊನೆಗೆ ಫ್ರಾನ್ಸಿಗೆ ಹೊರಟಿದ್ದೇವೆ. ಕೈಯಲ್ಲಿರುವುದು 11 ದಿನ. ಕಾರು ಬಾಡಿಗೆಗೆ ಹಿಡಿದು ಉತ್ತರದ ದಿಯೆಪ್‌ನಿಂದ ಅಟ್ಲಾಂಟಿಕ್ ತೀರದುದ್ದಕ್ಕೂ ಇಳಿದು ಕೊನೆಗೆ ನೀಸ್ ತಲುಪುವ ಆಸೆ. ನಮಗೆ ನೋಡುವುದಕ್ಕಿಂತ ತಿನ್ನುವುದೇ ಮುಖ್ಯ. ಇದು ಆಗುವ ಮಾತೇ?

ಉತ್ತರ: ಗಾಡಿ ಓಡಿಸುವುದಕ್ಕೆ ಆಗುತ್ತದೆ, ತಿನ್ನುವುದಕ್ಕೆ ಆಗುವುದಿಲ್ಲ. ಅಲ್ಲಿ ಮಧ್ಯಾಹ್ನದ ಊಟ 12ಕ್ಕೆ ಶುರುವಾದರೆ ಒಂದೂವರೆ, ಎರಡರ ಹೊತ್ತಿಗೆ ಅಡುಗೆಮನೆ ಮುಚ್ಚುತ್ತದೆ. ಮತ್ತೆ ಒಲೆ ಹಚ್ಚುವುದು ಸಂಜೆ ಏಳರ ಮೇಲೆ. ದಿನಾ ನಾಲ್ಕೈದು ಗಂಟೆ ಕಾರಿನಲ್ಲಿ ಕೂತರೆ ಆ ಎರಡು ಗಂಟೆ ಹೆದ್ದಾರಿಯಲ್ಲೇ ಕಳೆದುಹೋಗುತ್ತದೆ. ಪೆಟ್ರೋಲ್ ಬಂಕಿನ ಸ್ಯಾಂಡ್‌ವಿಚ್ಚೇ ಗತಿಯಾಗುತ್ತದೆ. ಇಷ್ಟು ದೂರ ಹೋಗಿ ಹಾಗಾಗಬಾರದು.

ಫ್ರಾನ್ಸಿನ ಕರಾವಳಿಯ ಅಡುಗೆ ಒಂದೇ ಬಗೆಯದಲ್ಲ. ಉತ್ತರದ ನಾರ್ಮಂಡಿ ಮತ್ತು ಬ್ರಿಟನಿಯಲ್ಲಿ ಬೆಣ್ಣೆ, ಸೇಬಿನ ಸೈಡರ್, ತಣ್ಣೀರಿನ ಚಿಪ್ಪುಜೀವಿಗಳು. ದಕ್ಷಿಣದ ಮೆಡಿಟರೇನಿಯನ್ ಕಡೆಗೆ ಆಲಿವ್ ಎಣ್ಣೆ, ಬೆಳ್ಳುಳ್ಳಿ, ಬಂಡೆಮೀನು, ಕಡಲೆಹಿಟ್ಟು. ಬೆಣ್ಣೆಯ ತೀರದ ಒಂದು ತುಂಡು, ಎಣ್ಣೆಯ ತೀರದ ಒಂದು ತುಂಡು ಆರಿಸಿಕೊಂಡು ನಡುವೆ ರೈಲು ಹಿಡಿಯಿರಿ. ಎರಡರ ವ್ಯತ್ಯಾಸ ನಾಲಿಗೆಗೆ ಸಿಕ್ಕಿದರೆ ಮಿಕ್ಕದ್ದನ್ನು ಇನ್ನೊಂದು ಸಲಕ್ಕೆ ಇಟ್ಟುಕೊಳ್ಳಬಹುದು.

ನಿಮ್ಮ 11 ದಿನವನ್ನು ಶುಕ್ರವಾರ ಶುರುಮಾಡಿ. ಪ್ಯಾರಿಸ್‌ನ ಮೋಂಪಾರ್ನಾಸ್ ನಿಲ್ದಾಣದಿಂದ ರೆನ್ ಊರಿಗೆ ಟಿಜಿವಿ ಎಂಬ ಅತಿವೇಗದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಅಂದು ರಾತ್ರಿ ಅಲ್ಲೇ ತಂಗಿ. ಶನಿವಾರ ಬೆಳಿಗ್ಗೆ ಅಲ್ಲಿನ ಲೀಸ್ ಚೌಕದ ಸಂತೆ ಫ್ರಾನ್ಸಿನ ದೊಡ್ಡ ಸಂತೆಗಳಲ್ಲೊಂದು, ಮಧ್ಯಾಹ್ನದ ಹೊತ್ತಿಗೆ ಮುಗಿಯುತ್ತದೆ. ಬಕ್‌ವೀಟ್ ಎಂಬ ಧಾನ್ಯದ ದೋಸೆಯಲ್ಲಿ ಬಿಸಿ ಸಾಸೇಜ್ ಸುತ್ತಿ ಕೊಡುವ ‘ಗಲೆತ್ ಸೋಸಿಸ್’ ತಿನ್ನಬೇಕಾದದ್ದು ಅಲ್ಲೇ, ನಿಂತುಕೊಂಡೇ. ಮಧ್ಯಾಹ್ನ ಲೋಕಲ್ ರೈಲಿನಲ್ಲಿ ಸೇಂ-ಮಾಲೋ. ಒಂದು ಗಂಟೆಯೊಳಗಿನ ದಾರಿ. ಅಲ್ಲಿ ನಾಲ್ಕು ರಾತ್ರಿ ಇರಿ. ಕಾರು ಬೇಕಿದ್ದರೆ ಈ ನಾಲ್ಕು ದಿನದಲ್ಲಿ ಎರಡು ದಿನಕ್ಕೆ ಸಾಕು. ಬ್ರಿಟನಿಯ ಹೆದ್ದಾರಿಗಳಲ್ಲಿ ಟೋಲ್ ಇಲ್ಲ. ಬುಧವಾರ ಪೂರ್ತಿ ರೈಲಿನಲ್ಲಿ, ಮಾರ್ಸೇಗೆ. ಪ್ಯಾರಿಸ್‌ನಲ್ಲಿ ಮೋಂಪಾರ್ನಾಸ್‌ನಲ್ಲಿ ಇಳಿದು ಗಾರ್ ದ ಲಿಯೋಂ ನಿಲ್ದಾಣಕ್ಕೆ ಹೋಗಬೇಕು. ಎರಡೂ ಊರಿನ ಬೇರೆ ಬೇರೆ ಕಡೆ ಇವೆ, ಪೆಟ್ಟಿಗೆಗಳೂ ಇರುತ್ತವೆ. ಒಂದೂವರೆ ಗಂಟೆಯಾದರೂ ಅಂತರವಿರುವ ರೈಲುಗಳನ್ನೇ ಹಿಡಿಯಿರಿ. ಮಾರ್ಸೇಯಲ್ಲಿ ಎರಡು ರಾತ್ರಿ, ಶುಕ್ರವಾರ ನೀಸ್‌ಗೆ, ಅಲ್ಲಿ ಮೂರು ರಾತ್ರಿ, ಸೋಮವಾರ ವಾಪಸ್. ದಕ್ಷಿಣದಲ್ಲಿ ಕಾರು ಬೇಡವೇ ಬೇಡ. ಕರಾವಳಿಗೆ ಅಂಟಿಕೊಂಡೇ ರೈಲು ಓಡುತ್ತದೆ, ಪಾರ್ಕಿಂಗ್ ತಾಪತ್ರಯ ಇರುವುದಿಲ್ಲ, ಊಟಕ್ಕೆ ಒಂದು ಲೋಟ ವೈನ್ ಕುಡಿದರೂ ಚಿಂತೆಯಿಲ್ಲ. ಟಿಜಿವಿ ಟಿಕೆಟ್ ದರ ದಿನ ಹತ್ತಿರವಾದಂತೆ ಏರುತ್ತದೆ, ಬುಧವಾರದ ಆ ಎರಡು ಟಿಕೆಟ್ ಮೊದಲು ತೆಗೆದಿಡಿ.

ನೀವು ಆರಿಸಿದ ತಿಂಗಳು ತುಂಬ ಒಳ್ಳೆಯದು. ಆಗಸ್ಟಿನ ರಜೆಯ ಜನಜಂಗುಳಿ ಇಳಿದಿರುತ್ತದೆ. ನೀಲಿಕಲ್ಲು ಎಂಬ ಕಪ್ಪು ಚಿಪ್ಪಿನ ಕಡಲಜೀವಿ (ಇಂಗ್ಲಿಷಿನ ಮಸಲ್) ತುಂಬಿಕೊಂಡಿರುತ್ತದೆ, ಬೇಸಿಗೆಯಲ್ಲಿ ಮೊಟ್ಟೆಯಿಟ್ಟು ಸೊರಗಿದ ಸಿಂಪಿ ಚೇತರಿಸಿಕೊಂಡಿರುತ್ತದೆ. ಅಕ್ಟೋಬರ್ ಒಂದರಿಂದ ‘ಕೋಕೀ ಸೇಂ-ಜಾಕ್’ ಹಿಡಿಯಲು ಅನುಮತಿ ಸಿಗುತ್ತದೆ. ಬೀಸಣಿಗೆಯಾಕಾರದ ಚಿಪ್ಪಿನೊಳಗೆ ಬಿಳಿಯ ದಪ್ಪ ಬಿಲ್ಲೆಯಂಥ ಮಾಂಸವಿರುವ ಜೀವಿ ಅದು, ಮೇ 15ರ ತನಕ ಮಾತ್ರ ಹಿಡಿಯಬಹುದು. ಬೇಸಿಗೆಯ ಮೆನುವಿನಲ್ಲಿ ಅದು ಕಂಡರೆ ಹೆಪ್ಪುಗಟ್ಟಿಸಿದ್ದು ಎಂದು ತಿಳಿಯಿರಿ. ಒಂದೆರಡು ದಿನ ಹಿಂದೆಮುಂದೆ ಮಾಡಿಕೊಂಡು ಉತ್ತರದಲ್ಲಿರುವಾಗಲೇ ಅಕ್ಟೋಬರ್ ಒಂದು ಬರುವಂತೆ ಹೊಂದಿಸಿಕೊಳ್ಳಲು ಸಾಧ್ಯವಾದರೆ ಖಂಡಿತ ಹೊಂದಿಸಿಕೊಳ್ಳಿ.

ಪ್ರಶ್ನೆ: ಹಸಿ ಸಿಂಪಿಯನ್ನು ಇಬ್ಬರೂ ಈ ತನಕ ತಿಂದಿಲ್ಲ. ಸೇಂ-ಮಾಲೋ ಹತ್ತಿರದ ಕಾಂಕಾಲ್‌ಗೆ ಹೋಗಿ ತಿನ್ನಬೇಕೆಂದಿದ್ದೇವೆ. ಯಾವುದು ಕೇಳಬೇಕು, ಹೇಗೆ ತಿನ್ನಬೇಕು, ಹೊಟ್ಟೆ ಕೆಡುತ್ತದೆಯೇ?

ಉತ್ತರ: ಮೊದಲ ಸಲ ತಿನ್ನುವುದಕ್ಕೆ ಕಾಂಕಾಲ್‌ಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಬಂದರಿನ ತುದಿಯಲ್ಲಿ, ಪಟ್ಟೆಪಟ್ಟೆ ಚಪ್ಪರದ ಕೆಳಗೆ ಸಿಂಪಿ ಬೆಳೆಯುವವರೇ ಕೂತು ಮಾರುತ್ತಾರೆ. ನೀವು ಆರಿಸಿದ್ದನ್ನು ಅಲ್ಲೇ ಬಿಡಿಸಿ ತಟ್ಟೆಯಲ್ಲಿಟ್ಟು ಕೊಡುತ್ತಾರೆ. ಬಿಡಿಸುವುದಕ್ಕೂ ನಿಂಬೆಹಣ್ಣಿಗೂ ಸ್ವಲ್ಪ ಹೆಚ್ಚುವರಿ ಇರುತ್ತದೆ. ಕಡಲಕಟ್ಟೆಯ ಮೇಲೆ ಕೂತು ತಿಂದು ಚಿಪ್ಪನ್ನು ಕೆಳಗಿನ ದಂಡೆಗೆ ಎಸೆಯುವುದು ಅಲ್ಲಿನ ರೂಢಿ. ದಂಡೆಯೇ ಚಿಪ್ಪಿನ ರಾಶಿಯಾಗಿ ಬೆಳ್ಳಗಾಗಿದೆ. ಇಳಿತದ ಹೊತ್ತಿಗೆ ಹೋದರೆ ಸಿಂಪಿ ಬೆಳೆಯುವ ಕಬ್ಬಿಣದ ಮಂಚಗಳ ಸಾಲು ಕಣ್ಣೆದುರೇ ನೀರಿನಿಂದ ಮೇಲೆದ್ದಿರುತ್ತದೆ. ದಿನ ತಿಳಿಯಾಗಿದ್ದರೆ ಕೊಲ್ಲಿಯ ಆಚೆ ಮೋಂ-ಸೇಂ-ಮಿಶೆಲ್ ದ್ವೀಪ ಸಹ ಕಾಣುತ್ತದೆ.

ಎರಡು ಜಾತಿ ಸಿಗುತ್ತವೆ. ಗುಳಿ ಇರುವ ಉದ್ದನೆಯ ಚಿಪ್ಪಿನದು ‘ಕ್ರ್ಯೂಜ್’, ಚಪ್ಪಟೆ ದುಂಡಗಿನದು ‘ಪ್ಲಾತ್’. ಪ್ಲಾತ್ ಈ ತೀರದ ಮೂಲ ಜಾತಿ, ದುಬಾರಿ, ಬಾಯಲ್ಲಿ ಲೋಹದಂಥ, ಹೇಝಲ್‌ನಟ್‌ನಂಥ ರುಚಿ ಉಳಿಸುತ್ತದೆ. ಮೊದಲ ಸಲಕ್ಕೆ ಅದು ಜಾಸ್ತಿಯಾದೀತು. ಕ್ರ್ಯೂಜ್‌ನಿಂದ ಶುರುಮಾಡಿ. ಇಲ್ಲಿ ಎಲ್ಲರೂ ತಪ್ಪುವ ಒಂದು ವಿಷಯವಿದೆ: ನಂಬರ್ ಹೆಚ್ಚಾದಷ್ಟೂ ಸಿಂಪಿ ಚಿಕ್ಕದು. ನಂಬರ್ 5 ಎಂದರೆ 30ರಿಂದ 45 ಗ್ರಾಂ, ನಂಬರ್ 4 ಎಂದರೆ 46ರಿಂದ 65, ನಂಬರ್ 3 ಎಂದರೆ 66ರಿಂದ 85 ಗ್ರಾಂ, ಚಿಪ್ಪೂ ಸೇರಿ. ದೊಡ್ಡದು ಬೇಡವೆಂದು ನಂಬರ್ 1 ಕೇಳಿದವರ ಕೈಗೆ ಅಂಗೈ ತುಂಬುವಂಥದ್ದು ಬರುತ್ತದೆ, ಅಲ್ಲಿಗೆ ಸಿಂಪಿಯ ಆಸೆಯೇ ಮುಗಿದುಹೋಗುತ್ತದೆ. ಇಬ್ಬರಿಗೂ ಸೇರಿ ನಂಬರ್ 4ರದು ಆರು ತೆಗೆದುಕೊಳ್ಳಿ. ಇಷ್ಟವಾದರೆ ಇನ್ನೊಂದು ತಟ್ಟೆ ತರುವುದಕ್ಕೆ ಹತ್ತು ಹೆಜ್ಜೆ.

ತಟ್ಟೆ ಕೈಗೆ ಬಂದಾಗ ಮೊದಲು ಮೂಸಿ. ಕಡಲಿನ ವಾಸನೆ ಬಿಟ್ಟು ಬೇರೇನೂ ಬರಬಾರದು. ಮಾಂಸದ ಕಪ್ಪು ಅಂಚನ್ನು ಫೋರ್ಕಿನ ತುದಿಯಿಂದ ಮುಟ್ಟಿದರೆ ಅದು ಒಳಕ್ಕೆ ಸರಿಯಬೇಕು. ಸರಿದರೆ ಜೀವಂತ ಎಂದರ್ಥ. ಬಿಡಿಸಿದ ತಕ್ಷಣ ಇರುವ ನೀರು ಬರೀ ಸಮುದ್ರದ ಉಪ್ಪುನೀರು, ಅದನ್ನು ಚೆಲ್ಲಿ ಕೆಲವು ನಿಮಿಷ ಬಿಡಿ. ಸಿಂಪಿ ತನ್ನದೇ ನೀರನ್ನು ಮತ್ತೆ ಬಿಡುತ್ತದೆ, ಆ ಎರಡನೆಯ ನೀರಿಗೆ ರುಚಿ ಜಾಸ್ತಿ. ಮೊದಲನೆಯದನ್ನು ನಿಂಬೆ ಹಿಂಡದೆ ತಿನ್ನಿ. ನುಂಗಬೇಡಿ. ನಾಲ್ಕು ಸಲ ಅಗಿಯಿರಿ, ಸಿಹಿ ಬರುವುದು ಆಗಲೇ. ನುಂಗಿದವರಿಗೆ ಸಿಗುವುದು ಉಪ್ಪುನೀರು ಮತ್ತು ಲೋಳೆ ಮಾತ್ರ, ಸಿಂಪಿ ಹಿಡಿಸಲಿಲ್ಲ ಎನ್ನುವವರಲ್ಲಿ ಬಹಳ ಜನ ಹಾಗೆ ನುಂಗಿದವರೇ. ಜೊತೆಗೆ ರೈ ಬ್ರೆಡ್, ಉಪ್ಪು ಬೆಣ್ಣೆ.

ಮೇ ತಿಂಗಳಿಂದ ಆಗಸ್ಟ್ ತನಕ ಸಿಂಪಿ ಸಂತಾನೋತ್ಪತ್ತಿಗೆ ಸಿದ್ಧವಾಗಿ ಒಳಗೆ ಹಾಲಿನಂತಾಗುತ್ತದೆ. ಅದು ವಿಷವಲ್ಲ, ಆದರೆ ಆ ಕೆನೆಗಟ್ಟಿದ ರುಚಿ ಎಲ್ಲರಿಗೂ ಒಗ್ಗುವುದಿಲ್ಲ. ಹೊಟ್ಟೆ ಕೆಡಿಸುವುದು ಬೇರೆ ಕಾರಣ: ಮಳೆಗಾಲದ ಕೊಚ್ಚೆನೀರು ಕಡಲಿಗೆ ಸೇರಿದಾಗ ಬರುವ ನೊರೋವೈರಸ್. ಅಂಥ ಹೊತ್ತಿನಲ್ಲಿ ಆ ಪ್ರದೇಶದ ಮಾರಾಟವನ್ನೇ ಸರ್ಕಾರ ನಿಲ್ಲಿಸುತ್ತದೆ. ಬುಟ್ಟಿಯ ಮೇಲೆ ಪ್ಯಾಕ್ ಮಾಡಿದ ದಿನಾಂಕವಿರುವ ಆರೋಗ್ಯ ಚೀಟಿ ಇರಲೇಬೇಕು. ಇಲ್ಲದವರ ಹತ್ತಿರ ಕೊಳ್ಳಬೇಡಿ. ಗರ್ಭಿಣಿಯರು, ಯಕೃತ್ತಿನ ಕಾಯಿಲೆ ಇರುವವರು, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುವವರು ಹಸಿ ಸಿಂಪಿ ಮುಟ್ಟಲೇಬಾರದು. ನಿಂಬೆರಸ ಹಿಂಡಿದರೆ ಏನೂ ಸಾಯುವುದಿಲ್ಲ.

ಪ್ರಶ್ನೆ: ನನ್ನ ಯಜಮಾನರು ಮೀನು ಬಿಡುವವರಲ್ಲ, ನಾನು ಶುದ್ಧ ಸಸ್ಯಾಹಾರಿ. ಮೊಟ್ಟೆ ಪರವಾಗಿಲ್ಲ. ಕಡಲತೀರದಲ್ಲಿ ನನಗೆ ಬ್ರೆಡ್ಡೂ ಬೆಣ್ಣೆಯೂ ಮಾತ್ರವೇ?

ಉತ್ತರ: ಖಂಡಿತ ಅಲ್ಲ. ಆದರೆ ‘ವೆಜಿತಾರಿಯೆನ್’ ಎಂದು ಮಾತ್ರ ಹೇಳಿ ಸುಮ್ಮನಾಗಬೇಡಿ. ‘ವಿಯಾಂದ್’ ಬೇಡ ಎಂದರೆ ಮಾಂಸ ಬೇಡ ಎಂದಷ್ಟೇ ಆಗುತ್ತದೆ, ಮೀನು ಅದರಲ್ಲಿ ಬರುವುದಿಲ್ಲ. ಸಾಲಡ್ ಮೇಲೆ ಉದುರಿಸುವ ‘ಲಾರ್ದೋಂ’ ಎಂಬ ಹಂದಿಮಾಂಸದ ಚೂರನ್ನು ಒಗ್ಗರಣೆಯ ಸಾಮಾನೆಂದೇ ಎಣಿಸುವವರೂ ಇದ್ದಾರೆ. ಹೇಳಬೇಕಾದದ್ದು ಇದು: ‘ಜ ನ ಮಾಂಜ್ ನಿ ವಿಯಾಂದ್, ನಿ ಪ್ವಾಸೋಂ, ನಿ ಲಾರ್ದೋಂ.’ ಮಾಂಸ, ಮೀನು, ಆ ಚೂರು ಮೂರೂ ತಿನ್ನುವುದಿಲ್ಲ ಎಂದು. ಕಾಗದದಲ್ಲಿ ಬರೆಸಿಟ್ಟುಕೊಂಡು ತೋರಿಸಿದರೆ ಇನ್ನೂ ಒಳ್ಳೆಯದು.

ಬ್ರಿಟನಿಯಲ್ಲಿ ಕ್ರೆಪ್‌ರೀ ಎಂಬ ದೋಸೆ ಅಂಗಡಿಯೇ ನಿಮ್ಮ ಆಶ್ರಯ. ಖಾರದ ‘ಗಲೆತ್’ ಬಕ್‌ವೀಟ್ ಹಿಟ್ಟು, ನೀರು, ಉಪ್ಪಿನದು. ಸಿಹಿಯ ‘ಕ್ರೆಪ್’ ಗೋಧಿ, ಹಾಲು, ಮೊಟ್ಟೆಯದು. ಬಕ್‌ವೀಟ್‌ಗೆ ಅಲ್ಲಿ ‘ಬ್ಲೇ ನ್ವಾರ್’, ಕಪ್ಪು ಗೋಧಿ, ಎನ್ನುತ್ತಾರೆ. ಹೆಸರು ಗೋಧಿಯಾದರೂ ಅದು ಗೋಧಿಯಲ್ಲ, ಗ್ಲುಟೆನ್ ಇಲ್ಲ. ‘ಕಾಂಪ್ಲೆತ್’ ಎಂದರೆ ಹ್ಯಾಮ್, ಚೀಸ್, ಮೊಟ್ಟೆ. ನೀವು ‘ಎಫ್-ಫ್ರೊಮಾಜ್’ ಕೇಳಿ, ಮೊಟ್ಟೆ ಚೀಸ್ ಮಾತ್ರ ಬರುತ್ತದೆ. ಅಣಬೆ, ಲೀಕ್ ಹಾಕಿದ್ದೂ ಸಿಗುತ್ತದೆ. ಆದರೆ ಮೆನು ಕಾರ್ಡಿನಲ್ಲಿ ಬರೆದಿರದ ಒಂದು ವಿಷಯವಿದೆ. ಆ ದುಂಡನೆಯ ಕಬ್ಬಿಣದ ಕಾವಲಿಗೆ ‘ಬಿಲಿಗ್’ ಎಂದು ಹೆಸರು. ಹಳೆಯ ಪದ್ಧತಿಯಲ್ಲಿ ಅದಕ್ಕೆ ಸವರುವುದು ಹಂದಿಕೊಬ್ಬು, ಕೆಲವು ಕಡೆ ಅದಕ್ಕೆ ಮೊಟ್ಟೆಯ ಹಳದಿ ಬೆರೆಸಿರುತ್ತಾರೆ. ‘ಸೇಂದೂ?’, ಅಂದರೆ ಹಂದಿಕೊಬ್ಬೇ, ಎಂದು ಕೇಳಿ. ಹೌದು ಎಂದರೆ ‘ಓ ಬರ್’, ಬೆಣ್ಣೆಯಲ್ಲಿ ಮಾಡಿ ಎನ್ನಿ. ಗಿರಾಕಿ ಕಡಿಮೆ ಇರುವ ಹೊತ್ತಿನಲ್ಲಿ, ಅಂದರೆ 12ಕ್ಕೆ ಸರಿಯಾಗಿ ಹೋದರೆ, ಸಂತೋಷದಿಂದ ಮಾಡಿಕೊಡುತ್ತಾರೆ.

ನೀಸ್‌ನಲ್ಲಿ ನಿಮಗೆ ಹಬ್ಬ. ‘ಸೊಕ್ಕಾ’ ಎನ್ನುವುದು ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಇಷ್ಟರದ್ದೇ. ಒಂದು ತೋಳಗಲದ ತಾಮ್ರದ ತಟ್ಟೆಯಲ್ಲಿ ತೆಳ್ಳಗೆ ಸುರಿದು ಸೌದೆ ಒಲೆಯೊಳಗೆ ತಳ್ಳುತ್ತಾರೆ. ಕೆಲವೇ ನಿಮಿಷದಲ್ಲಿ ಮೇಲ್ಮೈ ಅಲ್ಲಲ್ಲಿ ಕರಿದು ಗುಳ್ಳೆಯೇಳುತ್ತದೆ, ಒಳಗೆ ಮೆತ್ತಗೇ ಉಳಿಯುತ್ತದೆ. ತಟ್ಟೆಯಿಂದ ಕೆರೆದು ತೆಗೆದ ಚೂರುಗಳ ಮೇಲೆ ಮೆಣಸಿನಪುಡಿ ಉದುರಿಸಿ ಕೈಯಲ್ಲೇ ತಿನ್ನಬೇಕು. ಆರಿದರೆ ಚರ್ಮದ ಹಾಗಾಗುತ್ತದೆ. ಅದಕ್ಕೇ ತಟ್ಟೆಯಲ್ಲಿ ಉಳಿದದ್ದನ್ನು ಕೊಡಲು ಬಂದರೆ ಬೇಡವೆಂದು ಮುಂದಿನ ತಟ್ಟೆಗೆ ಕಾಯಿರಿ. ಮಾರ್ಸೇಯಲ್ಲಿ ಅದೇ ಹಿಟ್ಟನ್ನು ಕುದಿಸಿ ಗಟ್ಟಿಮಾಡಿ ಬಿಲ್ಲೆ ಕೊಯ್ದು ಎಣ್ಣೆಯಲ್ಲಿ ಕರಿಯುತ್ತಾರೆ. ಅದರ ಹೆಸರು ‘ಪಾನಿಸ್’, ನಗರದ ಅಂಚಿನ ಲೆಸ್ತಾಕ್ ಬಂದರಿನ ಗಾಡಿಗಳಲ್ಲಿ ಚೆನ್ನಾಗಿ ಸಿಗುತ್ತದೆ. ಕುಂಬಳ ಜಾತಿಯ ಕುರ್ಜೆತ್ ಹೂವಿನ ಬಜ್ಜಿ, ಬೇಯಿಸಿದ ತರಕಾರಿಗಳ ರಾತಾತೂಯ್, ತುಳಸಿ ಜಾತಿಯ ಎಲೆಯ ಗೊಜ್ಜು ಬೆರೆಸಿದ ತರಕಾರಿ ಸೂಪು ‘ಸೂಪ್ ಓ ಪಿಸ್ತೂ’ ಕೂಡ ನಿಮಗಾಗಿಯೇ ಇವೆ.

ಎಚ್ಚರ ಬೇಕಾದವು ಮೂರು. ಈರುಳ್ಳಿ ಪಿಜ್ಜಾದಂತೆ ಕಾಣುವ ‘ಪಿಸಲಾದಿಯೇರ್’ನಲ್ಲಿ ಆಂಚೊವಿ ಮೀನಿದೆ. ಆಲಿವ್ ಚಟ್ನಿ ‘ತಾಪನಾದ್’ನಲ್ಲೂ ಅದೇ ಮೀನನ್ನು ಅರೆದಿರುತ್ತಾರೆ, ಕಣ್ಣಿಗೆ ಕಾಣದು. ಸಾಲಾದ್ ನಿಸ್ವಾಜ್‌ನಲ್ಲಿ ಟ್ಯೂನಾ ಅಥವಾ ಆಂಚೊವಿ ಇದ್ದೇ ಇರುತ್ತದೆ. ಸಾಂಪ್ರದಾಯಿಕ ಚೀಸ್‌ಗಳನ್ನು ಕರುವಿನ ಹೊಟ್ಟೆಯ ರೆನೆಟ್‌ನಿಂದ ಹೆಪ್ಪುಹಾಕುತ್ತಾರೆ. ಅದು ಬೇಡವೆನ್ನುವವರು ಕಾಮಾಂಬೆರ್‌ನಂಥ ಹೆಸರಾಂತ ಚೀಸ್‌ಗಳನ್ನೂ ಬಿಡಬೇಕಾಗುತ್ತದೆ, ಈ ತೀರ್ಮಾನವನ್ನು ಹೊರಡುವ ಮುಂಚೆಯೇ ಮಾಡಿಕೊಳ್ಳಿ.

ಪ್ರಶ್ನೆ: ಮಾರ್ಸೇಯ ಬಂದರಿನಲ್ಲಿ ಬೂಯಾಬೇಸ್ ಎಂಬ ಮೀನಿನ ಸಾರು 25 ಯೂರೋಗೆ ಎಂದು ಬೋರ್ಡು ಹಾಕಿರುತ್ತಾರಂತೆ, ಇನ್ನು ಕೆಲವು ಕಡೆ ಒಬ್ಬರಿಗೆ 70–80 ಯೂರೋ. ಏಕೆ ಈ ವ್ಯತ್ಯಾಸ? ದುಬಾರಿಯದು ಬೇಕೇ ಬೇಕೆ?

ಉತ್ತರ: ಎರಡೂ ಒಂದೇ ಪದಾರ್ಥವಲ್ಲ. ಬೂಯಾಬೇಸ್ ಹುಟ್ಟಿದ್ದು ಬಡವರ ಸಾರಾಗಿ. ಮುಳ್ಳು ಜಾಸ್ತಿ ಎಂದು ಮಾರಾಟವಾಗದೆ ಬುಟ್ಟಿಯ ತಳದಲ್ಲಿ ಉಳಿದ ಬಂಡೆಮೀನುಗಳನ್ನು ಬೆಸ್ತರು ಕುದಿಸುತ್ತಿದ್ದರು. ಈಗ ಆ ಬಂಡೆಮೀನೇ ಅಪರೂಪ, ಬೆಲೆಯೂ ಅದರದ್ದೇ. ಹೆಸರು ಕೆಡುತ್ತಿದೆ ಎಂದು ಮಾರ್ಸೇಯ ಹೋಟೆಲಿನವರು ಕೆಲವರು ಸೇರಿ 1980ರಲ್ಲಿ ಒಂದು ಒಪ್ಪಂದ ಪತ್ರ ಮಾಡಿಕೊಂಡರು. ರಾಸ್ಕಾಸ್, ಸೇಂ-ಪಿಯೇರ್, ಬೋದ್ರ್ವಾ, ಕಾಂಗ್ರ್, ಗಾಲಿನೆತ್, ವೀವ್ ಮುಂತಾದ ಪಟ್ಟಿಯಿಂದ ಕಡಿಮೆಯೆಂದರೆ ನಾಲ್ಕು ಜಾತಿ ಇರಬೇಕು, ಸಾರು ಮತ್ತು ಮೀನು ಬೇರೆ ಬೇರೆ ಪಾತ್ರೆಯಲ್ಲಿ ಬರಬೇಕು, ಇಡೀ ಮೀನನ್ನು ತಿನ್ನುವವರ ಎದುರೇ ಬಿಡಿಸಬೇಕು.

ಸರಿಯಾದ ಮನೆಯ ಗುರುತು ಹೇಗೆ? ಒಂದೆರಡು ದಿನ ಮೊದಲೇ ಹೇಳಿಡಿ ಎನ್ನುತ್ತಾರೆ. ಇಬ್ಬರಿಗಿಂತ ಕಡಿಮೆಗೆ ಮಾಡುವುದಿಲ್ಲ ಎನ್ನುತ್ತಾರೆ, ನೀವು ಹೇಗೂ ಇಬ್ಬರು. ಬೇಯಿಸುವ ಮುಂಚೆ ಹಸಿಮೀನಿನ ತಟ್ಟೆ ತಂದು ತೋರಿಸುವುದೂ ಉಂಟು. 25 ಯೂರೋದ್ದರಲ್ಲಿ ಸಾಕಿದ ಮೀನಿನ ತುಂಡು, ಹೆಪ್ಪುಗಟ್ಟಿಸಿದ ಸೀಗಡಿ ಇದ್ದರೆ ಆಶ್ಚರ್ಯವಿಲ್ಲ.

ತಿನ್ನುವ ಕ್ರಮವೂ ಇದೆ. ಮೊದಲು ಕೇಸರಿ ಬಣ್ಣದ ಸಾರು ಮಾತ್ರ ಬರುತ್ತದೆ. ಗರಿಗರಿ ಬ್ರೆಡ್ಡಿನ ಬಿಲ್ಲೆಗೆ ಹಸಿ ಬೆಳ್ಳುಳ್ಳಿ ಎಸಳನ್ನು ತಿಕ್ಕಿ, ಮೇಲೆ ‘ರೂಯ್’ ಎಂಬ ಬೆಳ್ಳುಳ್ಳಿ, ಮೆಣಸಿನಕಾಯಿ, ಎಣ್ಣೆಯ ಗಟ್ಟಿ ಸಾಸ್ ಸವರಿ ಸಾರಿನಲ್ಲಿ ತೇಲಿಬಿಡಿ. ಎರಡನೆಯ ಸಲ ಸಾರು ಕೇಳಿದರೆ ಹಾಕುತ್ತಾರೆ, ಆದರೆ ತಡೆದುಕೊಳ್ಳಿ. ಬ್ರೆಡ್ಡಿನಲ್ಲೇ ಹೊಟ್ಟೆ ತುಂಬಿಸಿಕೊಂಡವರು ಮೀನು ಬಂದಾಗ ಬೆವರುತ್ತಾರೆ. ಅಂದು ಬೆಳಿಗ್ಗೆ ಕಾಫಿ ಬಿಟ್ಟು ಬೇರೇನೂ ಬೇಡ, ರಾತ್ರಿ ಊಟವೂ ಬೇಡ. ಹಾಗೆ ಲೆಕ್ಕ ಹಾಕಿದರೆ ಖರ್ಚು ಅಷ್ಟು ಭಾರವೆನಿಸದು. ಅಷ್ಟು ಬೇಡವೆಂದರೆ ‘ಸೂಪ್ ದ ಪ್ವಾಸೋಂ’ ಕೇಳಿ. ಅದೇ ಬಂಡೆಮೀನಿನ ಸಾರು, ಅದೇ ರೂಯ್, ತುಂಡು ಮೀನು ಇಲ್ಲ, ಬೆಲೆ ಎಷ್ಟೋ ಕಡಿಮೆ. ಅಗ್ಗದ ಬೂಯಾಬೇಸ್‌ಗಿಂತ ಒಳ್ಳೆಯ ಸೂಪು ನೂರು ಪಾಲು ಮೇಲು.

ಪ್ರಶ್ನೆ: ಬಿಲ್ಲು ಬಂದಾಗ ಬೆಚ್ಚಿಬೀಳದಿರಲು ಏನು ತಿಳಿದಿರಬೇಕು? ಟಿಪ್ಸ್ ಎಷ್ಟು?

ಉತ್ತರ: ಬೆಲೆಯಲ್ಲೇ ಸೇವಾಶುಲ್ಕ ಸೇರಿರುತ್ತದೆ, ಅದು ಕಾನೂನು. ಸಂತೋಷವಾದರೆ ಒಂದೆರಡು ಯೂರೋ ಬಿಟ್ಟು ಬನ್ನಿ, ಬಿಡದಿದ್ದರೂ ಯಾರೂ ಮುಖ ಸಿಂಡರಿಸುವುದಿಲ್ಲ. ಊಟದ ಜೊತೆ ಬ್ರೆಡ್ಡೂ ನಲ್ಲಿನೀರೂ ಉಚಿತ. ನೀರಿಗೆ ‘ಯೂನ್ ಕರಾಫ್ ದೋ’ ಎನ್ನಿ, ಬರೀ ನೀರು ಎಂದರೆ ಬಾಟಲಿ ಬರುತ್ತದೆ. ‘ಆಂತ್ರೇ’ ಎಂದರೆ ಮುಖ್ಯ ಊಟವಲ್ಲ, ಮೊದಲ ಬಡಿಸು, ಮುಖ್ಯವಾದದ್ದು ‘ಪ್ಲಾ’. ವಾರದ ದಿನಗಳಲ್ಲಿ ಮಧ್ಯಾಹ್ನ ಮಾತ್ರ ‘ಫೊರ್ಮ್ಯೂಲ್’ ಇರುತ್ತದೆ, ಎರಡು ಬಗೆಗೆ ಒಂದೇ ದರ. ಅದೇ ಅಡುಗೆಯವರ ಕೈರುಚಿಗೆ ರಾತ್ರಿ ಹೆಚ್ಚು ಕೊಡಬೇಕು. ದೊಡ್ಡ ಊಟ ಮಧ್ಯಾಹ್ನವೇ ಇರಲಿ.

ಬೆಚ್ಚಿಬೀಳಿಸುವುದು ಇಡೀ ಮೀನು. ಮೆನುವಿನಲ್ಲಿ ‘100 ಗ್ರಾಂಗೆ 9 ಯೂರೋ’ ಎಂದು ಸಣ್ಣಗೆ ಬರೆದಿರುತ್ತದೆ. ಬಂದ ಮೀನು 800 ಗ್ರಾಂ ಇದ್ದರೆ 72 ಯೂರೋ. ತೂಕ ಲೆಕ್ಕವಾಗುವುದು ತಲೆ, ಮುಳ್ಳು ಎಲ್ಲ ಸೇರಿ, ಬೇಯಿಸುವ ಮುಂಚೆ. ಆದ್ದರಿಂದ ಒಲೆಗೆ ಹೋಗುವ ಮೊದಲು ಮೀನನ್ನು ತರಿಸಿ ತೂಕವನ್ನೂ ಮೊತ್ತವನ್ನೂ ಕೇಳಿ. ಅಲ್ಲಿ ಅದು ಸಹಜ ಪ್ರಶ್ನೆ. ಅಟ್ಲಾಂಟಿಕ್ ಕಡೆಯ ‘ಬಾರ್’ ಮತ್ತು ಮೆಡಿಟರೇನಿಯನ್ ಕಡೆಯ ‘ಲೂ’ ಒಂದೇ ಮೀನು. ‘ಸೋವಾಜ್’ ಎಂದರೆ ಕಡಲಲ್ಲಿ ಹಿಡಿದದ್ದು, ‘ದೆಲ್ವಾಜ್’ ಎಂದರೆ ಸಾಕಿದ್ದು. ಬೆಲೆಯಲ್ಲಿ ತುಂಬ ಅಂತರವಿದೆ.

ಪ್ರಶ್ನೆ: ಸೇಂ-ಮಾಲೋದಲ್ಲಿ ಅಡುಗೆಮನೆ ಇರುವ ಬಾಡಿಗೆ ಕೋಣೆ ಹಿಡಿದಿದ್ದೇವೆ. ನೀಲಿಕಲ್ಲು ನಾವೇ ಬೇಯಿಸಬೇಕೆಂದಿದೆ. ಎಷ್ಟು ಕೊಳ್ಳಬೇಕು, ಹೇಗೆ?

ಉತ್ತರ: ‘ಮೂಲ್ ದ ಬೂಶೋ’ ಕೇಳಿ. ಕಡಲಲ್ಲಿ ನೆಟ್ಟ ಮರದ ಕಂಬಗಳ ಮೇಲೆ ಬೆಳೆಸಿದ್ದು. ಚಿಕ್ಕದು, ಹಳದಿ ಮಾಂಸದ್ದು, ತಳ ಮುಟ್ಟದೆ ಬೆಳೆದದ್ದರಿಂದ ಮರಳು ಬಹಳ ಕಡಿಮೆ. ಮೋಂ-ಸೇಂ-ಮಿಶೆಲ್ ಕೊಲ್ಲಿಯದಕ್ಕೆ 2006ರಿಂದ ಮೂಲಸ್ಥಳದ ಮಾನ್ಯತೆ ಇದೆ.

ಇಬ್ಬರಿಗೆ 1.2 ಕಿಲೋ, ಹೆಚ್ಚೇನಲ್ಲ, ಅರ್ಧಕ್ಕಿಂತ ಜಾಸ್ತಿ ಚಿಪ್ಪಿನ ತೂಕವೇ. ಇದರ ಜೊತೆ ಎರಡು ಎಷಾಲೋತ್ ಈರುಳ್ಳಿ, 30 ಗ್ರಾಂ ಬೆಣ್ಣೆ, 150 ಮಿಲಿ ಸಿಹಿಯಿಲ್ಲದ ಬಿಳಿ ವೈನ್, ಒಂದು ಹಿಡಿ ಪಾರ್ಸ್ಲಿ. ಉಪ್ಪು ಬೇಡ.

ತಂದವನ್ನು ನೀರಿನಲ್ಲಿ ನೆನೆಹಾಕಬೇಡಿ. ಕೆಡುವುದು ಇಲ್ಲೇ: ಸಿಹಿನೀರಿನಲ್ಲಿ ಅವು ಸಾಯುತ್ತವೆ. ಹರಿಯುವ ನೀರಿನಲ್ಲಿ ಬೇಗಬೇಗ ಉಜ್ಜಿ ತೊಳೆಯಿರಿ. ಬಾಯಿ ತೆರೆದದ್ದನ್ನು ಕಲ್ಲಿಗೆ ತಟ್ಟಿ, ಮುಚ್ಚಿಕೊಂಡರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಎಸೆಯಿರಿ. ಒಡೆದ ಚಿಪ್ಪೂ ಬೇಡ. ಚಿಪ್ಪಿನ ಸಂದಿನಲ್ಲಿ ನಾರಿನ ಗಡ್ಡ ಇರುತ್ತದೆ, ಅದನ್ನು ಅಗಲ ತುದಿಯ ಕಡೆಯಿಂದ ಚೂಪು ತುದಿಯತ್ತ ಎಳೆದು ಕಿತ್ತುಹಾಕಿ. ಬೇಯಿಸುವ ಹೊತ್ತಿನಲ್ಲೇ ಕೀಳಿ, ಬೆಳಿಗ್ಗೆಯೇ ಕಿತ್ತಿಟ್ಟರೆ ಒಳಗಿನ ಜೀವಕ್ಕೆ ಗಾಯವಾಗಿ ಸಂಜೆಗೆ ಸತ್ತಿರುತ್ತವೆ.

ಇದ್ದುದರಲ್ಲಿ ದೊಡ್ಡ ಪಾತ್ರೆ ತೆಗೆದುಕೊಳ್ಳಿ, ನೀಲಿಕಲ್ಲು ಅರ್ಧ ಪಾತ್ರೆಗಿಂತ ಮೇಲೆ ಬರಬಾರದು. ಬಾಯಿ ಬಿಟ್ಟಾಗ ಎರಡರಷ್ಟು ಜಾಗ ಹಿಡಿಯುತ್ತವೆ. ಬೆಣ್ಣೆಯಲ್ಲಿ ಈರುಳ್ಳಿ ಕೆಂಪಾಗದಂತೆ ಮೆತ್ತಗೆ ಮಾಡಿ, ವೈನ್ ಸುರಿದು ಒಂದು ನಿಮಿಷ ಜೋರಾಗಿ ಕುದಿಸಿ. ನೀಲಿಕಲ್ಲು ಹಾಕಿ ಮುಚ್ಚಳ ಮುಚ್ಚಿ, ಉರಿ ಪೂರ್ತಿ ಏರಿಸಿ. ನಿಮಿಷಕ್ಕೊಮ್ಮೆ ಪಾತ್ರೆಯನ್ನು ಮುಚ್ಚಳ ಹಿಡಿದೇ ಕುಲುಕಿ, ಮೇಲಿನವು ಕೆಳಗೆ ಬರಬೇಕು. ನಾಲ್ಕೈದು ನಿಮಿಷ ಸಾಕು. ಎಲ್ಲ ಬಾಯಿ ಬಿಟ್ಟ ಕೂಡಲೇ ಇಳಿಸಿ. ಇನ್ನೆರಡು ನಿಮಿಷ ಬಿಟ್ಟರೆ ರಬ್ಬರು. ಪಾರ್ಸ್ಲಿ ಉದುರಿಸಿ. ಕೊನೆಗೂ ಬಾಯಿ ಬಿಡದವನ್ನು ಬಿಟ್ಟುಬಿಡಿ. ತಳದ ರಸವನ್ನು ಸೌಟಿನಲ್ಲಿ ತೆಗೆಯುವಾಗ ಕೊನೆಯ ಒಂದು ಚಮಚ ಅಲ್ಲೇ ಇರಲಿ, ಇದ್ದಷ್ಟು ಮರಳು ಅಲ್ಲಿ ಕೂತಿರುತ್ತದೆ. ಬ್ರಿಟನಿಯವರು ವೈನ್ ಬದಲು ‘ಬ್ರೂತ್’ ಸೈಡರ್ ಹಾಕುವುದೂ ಉಂಟು. ಮದ್ಯವೇ ಬೇಡವೆನ್ನುವವರು ಎರಡು ಚಮಚ ನೀರು ಹಾಕಿದರೂ ನಡೆಯುತ್ತದೆ, ಅವು ತಮ್ಮ ನೀರನ್ನೇ ಧಾರಾಳವಾಗಿ ಬಿಡುತ್ತವೆ. ಖಾಲಿಯಾದ ಒಂದು ಚಿಪ್ಪನ್ನೇ ಚಿಮಟದಂತೆ ಹಿಡಿದು ಮಿಕ್ಕವನ್ನು ಕೀಳಿ, ಫೋರ್ಕು ಬೇಕಿಲ್ಲ.

ಪ್ರಶ್ನೆ: ಇಳಿತದಲ್ಲಿ ದಂಡೆಗಿಳಿದು ನಾವೇ ಚಿಪ್ಪು ಆರಿಸಬಹುದೇ?

ಉತ್ತರ: ಮನೆಯ ಊಟಕ್ಕೆ ಆಗುವಷ್ಟು, ನಿಗದಿತ ಅಳತೆಗಿಂತ ದೊಡ್ಡದನ್ನು ಮಾತ್ರ, ನಿಷೇಧವಿಲ್ಲದ ಕಡೆ. ಸಿಂಪಿಯ ಮಂಚಗಳ ಹತ್ತಿರ ಹೋಗಬೇಡಿ, ಅದು ಇನ್ನೊಬ್ಬರ ತೋಟ. ಎತ್ತಿದ ಕಲ್ಲನ್ನು ಮೊದಲಿದ್ದಂತೆಯೇ ಮಗುಚಿಡಿ. ಅಲ್ಲಿ ಉಬ್ಬರವಿಳಿತದ ಬಲವನ್ನು 20ರಿಂದ 120ರ ತನಕ ಅಂಕಿಯಲ್ಲಿ ಹೇಳುತ್ತಾರೆ, ಪ್ರವಾಸಿ ಕಚೇರಿಯಲ್ಲಿ ಪಟ್ಟಿ ಸಿಗುತ್ತದೆ. 90ರ ಮೇಲಿದ್ದರೆ ನೀರು ಬಹುದೂರ ಸರಿಯುತ್ತದೆ. ಸೇಂ-ಮಾಲೋದಲ್ಲಿ ದೊಡ್ಡ ಉಬ್ಬರಕ್ಕೂ ಇಳಿತಕ್ಕೂ 12 ಮೀಟರಿಗೂ ಹೆಚ್ಚು ಅಂತರ. ಇಳಿತದ ಗಳಿಗೆಗೆ ಎರಡು ಗಂಟೆ ಮುಂಚೆ ಇಳಿಯಿರಿ, ಆ ಗಳಿಗೆ ಬಂದ ಕೂಡಲೇ ತಿರುಗಿ. ನೀರು ಮೊದಲ ಗಂಟೆ ಮೆಲ್ಲಗೆ ಬರುತ್ತದೆ, ಮೂರು ನಾಲ್ಕನೆಯ ಗಂಟೆಯಲ್ಲಿ ನುಗ್ಗುತ್ತದೆ. ಮೊದಲ ಗಂಟೆಯ ನಿಧಾನ ನೋಡಿ ಮೈಮರೆತವರೇ ಸಿಕ್ಕಿಹಾಕಿಕೊಳ್ಳುವುದು. ಮೋಂ-ಸೇಂ-ಮಿಶೆಲ್ ಸುತ್ತಲಿನ ಮರಳಿಗೆ ಪರವಾನಗಿಯ ಮಾರ್ಗದರ್ಶಿ ಇಲ್ಲದೆ ಇಳಿಯಲೇಬೇಡಿ, ಕುಸಿಯುವ ಮರಳಿದೆ.

ಪ್ರಶ್ನೆ: ಉತ್ತರ ದಕ್ಷಿಣ ಎರಡೂ ಆಗಿದೆ. ಮುಂದಿನ ಸಲ ನಡುವಿನ ಅಟ್ಲಾಂಟಿಕ್ ತೀರಕ್ಕೆ ಒಂದು ವಾರ. ಯಾವ ಊರು?

ಉತ್ತರ: ಲಾ ರೋಶೆಲ್ ಮೂರು ರಾತ್ರಿ, ಆರ್ಕಾಶೋಂ ಒಂದು, ಸೇಂ-ಜಾಂ-ದ-ಲೂಝ್ ಮೂರು. ಲಾ ರೋಶೆಲ್‌ನ ‘ಮೂಕ್ಲಾದ್’ ಕೆನೆ ಸಾಸಿನ ನೀಲಿಕಲ್ಲು, ಅದಕ್ಕೆ ಅವರು ಕರ್ರಿ ಮಸಾಲೆ ಪುಡಿ ಅಥವಾ ಕೇಸರಿ ಹಾಕುತ್ತಾರೆ. ಹಡಗಿನಲ್ಲಿ ಮಸಾಲೆ ಇಳಿಯುತ್ತಿದ್ದ ಬಂದರಿನ ಗುರುತು ಅದು. ಹತ್ತಿರದ ಮರೆನ್-ಒಲೆರೋಂನ ಸಿಂಪಿಗಳನ್ನು ಹಳೆಯ ಉಪ್ಪಿನ ಗದ್ದೆಗಳಲ್ಲಿ ಹದಮಾಡುತ್ತಾರೆ. ಅಲ್ಲಿನ ನೀಲಿ ಬಣ್ಣದ ಸೂಕ್ಷ್ಮ ಪಾಚಿ ತಿಂದು ಕಿವಿರು ಹಸಿರಾಗುತ್ತದೆ, ಕೆಟ್ಟಿದೆ ಎಂದು ವಾಪಸ್ ಕೊಡಬೇಡಿ, ಹೆಚ್ಚು ಬೆಲೆ ಅದಕ್ಕೇ. ಆರ್ಕಾಶೋಂನಲ್ಲಿ ತಣ್ಣನೆಯ ಸಿಂಪಿಯ ಜೊತೆ ಬಿಸಿಬಿಸಿ ಸಣ್ಣ ಸಾಸೇಜ್ ಕೊಡುತ್ತಾರೆ, ಒಂದನ್ನು ಕಚ್ಚಿ ಒಂದನ್ನು ತಿನ್ನಬೇಕು. ಬಾಸ್ಕ್ ತೀರದಲ್ಲಿ ‘ತಿಯೋರೋ’ ಎಂಬ ಮೀನು ಸಾರಿದೆ. ಒಳನಾಡಿನ ಎಸ್ಪೆಲೆತ್ ಊರಿನಲ್ಲಿ ಶರತ್ಕಾಲಕ್ಕೆ ಮನೆಗಳ ಮುಂಗೋಡೆಯೇ ಕಾಣದಂತೆ ಕೆಂಪು ಮೆಣಸಿನಕಾಯಿ ಹಾರಗಳನ್ನು ತೂಗುಹಾಕುತ್ತಾರೆ. ಖಾರ ಕಡಿಮೆ, ಹಣ್ಣಿನಂಥ ಘಮ ಜಾಸ್ತಿ. ‘ಗಾತೋ ಬಾಸ್ಕ್’ ಕೊಳ್ಳುವಾಗ ಒಳಗೆ ಕಪ್ಪು ಚೆರ್ರಿಯೋ ಕ್ರೀಮೋ ಎಂದು ಕೇಳುತ್ತಾರೆ. ಇಬ್ಬರಿದ್ದೀರಲ್ಲ, ಒಂದೊಂದು ತೆಗೆದುಕೊಳ್ಳಿ.

ಪ್ರಶ್ನೆ: ದಾರಿ ತಪ್ಪಿ ಮಧ್ಯಾಹ್ನ ಮೂರಕ್ಕೆ ಊರು ಸೇರಿದರೆ ಉಪವಾಸವೇ?

ಉತ್ತರ: ಹೋಟೆಲಿನ ಬಾಗಿಲು ತಟ್ಟಬೇಡಿ, ‘ಸೆರ್ವಿಸ್ ಕಾಂತಿನ್ಯೂ’ ಎಂಬ ಫಲಕ ಹುಡುಕಿ. ಬ್ರಾಸರಿ ಎಂಬ ಸಾದಾ ಹೋಟೆಲುಗಳಲ್ಲಿ ಮತ್ತು ಕೆಲವು ಕ್ರೆಪ್‌ರೀಗಳಲ್ಲಿ ಇರುತ್ತದೆ, ದಿನವಿಡೀ ಒಲೆ ಉರಿಯುತ್ತದೆ. ಭಾನುವಾರ ಸಂಜೆ ಮತ್ತು ಸೋಮವಾರ ಬಹಳಷ್ಟು ಊಟದ ಮನೆಗಳು ಬಂದ್. ಆ ಎರಡು ಹೊತ್ತಿಗೆ ಭಾನುವಾರ ಬೆಳಿಗ್ಗೆಯೇ ಸಂತೆಯಲ್ಲಿ ಚೀಸ್, ಹಣ್ಣು, ಬ್ರೆಡ್ಡು ತಂದಿಡಿ. ಬ್ರಿಟನಿಯಲ್ಲಾದರೆ ಬೇಕರಿಯಲ್ಲಿ ‘ಕ್ವಿನ್-ಅಮನ್’ ಕೇಳಿ. ದ್ವಾರ್ನೆನೇ ಊರಿನಲ್ಲಿ ಹುಟ್ಟಿದ ಇದರಲ್ಲಿ ನಾಲ್ಕು ಪಾಲು ಕಲಸಿದ ಬ್ರೆಡ್ ಹಿಟ್ಟಿಗೆ ಮೂರು ಪಾಲು ಉಪ್ಪು ಬೆಣ್ಣೆ, ಮೂರು ಪಾಲು ಸಕ್ಕರೆ. ಕರಗಿದ ಸಕ್ಕರೆ ತಳದಲ್ಲಿ ಗಾಜಿನಂತೆ ಗಟ್ಟಿಯಾಗಿರುತ್ತದೆ. ತಣ್ಣಗಿದ್ದರೆ ಬೆಣ್ಣೆ ಹೆಪ್ಪುಗಟ್ಟಿ ಬಾಯಿಗೆ ಮೆತ್ತುತ್ತದೆ, ಐದು ನಿಮಿಷ ಓವನ್ನಿನಲ್ಲಿ ಬೆಚ್ಚಗೆ ಮಾಡಿಕೊಡಲು ಹೇಳಿ. ಮೈಕ್ರೋವೇವ್ ಬೇಡ, ಗರಿ ಹೋಗುತ್ತದೆ. ಇಬ್ಬರಿಗೆ ಒಂದು ಚಿಕ್ಕದು ಸಾಕು.